ಮನೆಯವರ ಥರ

ಇಸ್ತ್ರಿ ಅಕ್ಕ ಬೆಳಗಿನಿಂದ ಒಂದೇ ಅಂಗಿಯನ್ನು ಉಜ್ಜುತ್ತಿದ್ದಳು. ಪೆಟ್ಟಿಗೆಯಲ್ಲಿ ಕೆಂಡವಿರಲಿಲ್ಲ. ಹೊಗೆ ತಾಗಿದರೆ ಹಳೇ ಗೋಡೆ ಕಪ್ಪಾಗುತ್ತದಂತೆ. ತಣ್ಣಗಿನ ಪೆಟ್ಟಿಗೆ ಆಡಿಸುತ್ತಾ ನಗಬೇಕು, ಪ್ರವಾಸಿಗಳು ಫೋಟೊ ತೆಗೆಯಬೇಕು. ಈಗ ಅವಳ ಕೆಲಸ ಅದೇ.

ಅವಳು ನಿಂತಿದ್ದದ್ದು ತನ್ನದೇ ಮನೆಯ ಹೊಸ್ತಿಲಾಚೆ. ಬಟ್ಟೆ ಒಣಹಾಕುವ ಹಗ್ಗಕ್ಕೆಂದು ಹಿಂದೆ ಬಾಗಿಲ ಚೌಕಟ್ಟಿಗೆ ಒಂದು ಮೊಳೆ ಹೊಡೆದಿದ್ದಳು. "ಪಾರಂಪರಿಕ ಬಾಗಿಲಿದು! ಒಂದು ಗೀರು ಬಿದ್ರೂ ಜೈಲು" ಎಂದು ಸಂರಕ್ಷಣಾಧಿಕಾರಿ ಹಾರಾಡಿದ್ದ. ಹೀಗೇ ಒಬ್ಬೊಬ್ಬರಿಗೆ ಒಂದೊಂದು ನೆಪ ಹೂಡಿ ಇಡೀ ಬೀದಿಯನ್ನು ಊರಾಚೆಯ ತಗಡಿನ ಶೆಡ್ಡುಗಳಿಗೆ ಸಾಗಹಾಕಿದ. ಅಕ್ಕನ ಗಂಡ ಆ ತಗಡಿನ ಕೆಳಗೆ ನೀರು, ನೀರು ಎನ್ನುತ್ತಲೇ ಸತ್ತ. ಮನೆಗಳು ಅತಿಥಿಗೃಹಗಳಾದವು. ಬಂದ ಪ್ರವಾಸಿಗಳು, ಬೀದಿ ಸ್ಮಶಾನದ ಹಾಗಿದೆ ಎಂದು ಮೂಗು ಮುರಿದರು. ಅದಕ್ಕೇ ದಿನವೂ ಶೆಡ್ಡಿನವರನ್ನು ಲಾರಿಯಲ್ಲಿ ತಂದು ಬಾಗಿಲುಗಳ ಮುಂದೆ ನಿಲ್ಲಿಸುವುದು. ಒಳಗೆ ಮಾತ್ರ ಕಾಲಿಡುವಂತಿಲ್ಲ.

ಇವತ್ತು ಬೀದಿಗೆ ಪ್ರಶಸ್ತಿ ಕೊಡುವ ದೊಡ್ಡವರು ಬರುವವರಿದ್ದರು. ಅವರಿಗೆಂದು ಮನೆಗಳನ್ನೆಲ್ಲ ಖಾಲಿ ಮಾಡಿಸಲಾಗಿತ್ತು.

"ಏನಮ್ಮಾ, ಗೊಂಬೆಗಳ ಹಾಗೆ ನಿಂತಿದ್ದೀರ?" ಅಧಿಕಾರಿ ಬೀದಿಗೆಲ್ಲ ಕೇಳುವಂತೆ ಕೂಗಿದ. "ಮನೆಯವರ ಥರ ಇರ್ರಮ್ಮಾ, ಮನೆಯವರ ಥರ!"

ಅಕ್ಕನ ಕೈ ನಿಂತಿತು. ಎದುರು ಬಾಗಿಲಲ್ಲಿ ಬುಟ್ಟಿ ಹೆಣೆಯುತ್ತಿದ್ದ ಅಜ್ಜಿಯ ಕಡೆ ನೋಡಿದಳು.

"ಸಾಹೇಬ್ರು ಹೇಳಿದ್ದು ಕೇಳಿಸ್ತಾ ಅಜ್ಜಿ?"

"ನನ್ನ ಕಿವಿಗೇನಾಗಿದೆ ಕಣೇ, ಚೆನ್ನಾಗೇ ಕೇಳಿಸ್ತು" ಎಂದು ಅಜ್ಜಿ ಬುಟ್ಟಿ ಕೆಳಗಿಟ್ಟಳು.

ಅಕ್ಕ ಪೆಟ್ಟಿಗೆ ಎತ್ತಿಕೊಂಡು ಹೊಸ್ತಿಲು ದಾಟಿದಳು. ಕದ ಮುಚ್ಚಿ ಅಗುಳಿ ಹಾಕಿದಳು. ಮೊಣಕೈಯಿಂದ ಗುದ್ದಿದರಷ್ಟೇ ಕೂರುವ ಅಗುಳಿ ಅದು. ಗುದ್ದಿದಳು. ಎದುರು ಮನೆಯಲ್ಲೂ ಅಗುಳಿ ಬಿದ್ದ ಸದ್ದು. ಆಮೇಲೆ ಪಕ್ಕದಲ್ಲಿ, ಅದರ ಪಕ್ಕದಲ್ಲಿ, ಬೀದಿಯುದ್ದಕ್ಕೂ.

ಅಧಿಕಾರಿ ಓಡಿ ಬಂದು ಕದ ಬಡಿದ. "ತೆಗೀತೀಯೋ ಒಡೆದು ಹಾಕ್ಲೋ?"

"ಒಡೀರಿ ಸಾಹೇಬ್ರೇ" ಎಂದಳು ಅಕ್ಕ ಒಳಗಿನಿಂದ. "ಪಾರಂಪರಿಕ ಬಾಗಿಲು. ಒಂದು ಗೀರು ಬಿದ್ರೂ ಜೈಲು."

ಬೀದಿಯ ತಿರುವಿನಲ್ಲಿ ಕಾರುಗಳು ನಿಂತವು. ಕ್ಯಾಮೆರಾಗಳು ಇಳಿದವು. ಎತ್ತಿದ ಕೈಯನ್ನು ಅವನು ಮೆಲ್ಲಗೆ ಇಳಿಸಿದ.

"ಅಕ್ಕಾ, ದಮ್ಮಯ್ಯ... ಅವರು ಬಂದ್ಬಿಟ್ರು. ನನ್ನ ಮಾನ ಉಳಿಸಕ್ಕಾ."

ಇನ್ನಷ್ಟು ಬೇಡಲಿ ಎಂದುಕೊಂಡಳು ಅಕ್ಕ. ಗಂಡನೂ ಬೇಡಿದ್ದ. ಪ್ರವಾಸಿಗಳ ನೋಟಕ್ಕೆಂದು ಉಳಿಸಿದ್ದ ಸೌದೆ ಒಲೆ ಹೊತ್ತಿಸಿ, ಪೆಟ್ಟಿಗೆಗೆ ಕೆಂಡ ತುಂಬಿದಳು. ಹೊಗೆ ಗೋಡೆಗೆ ತಾಗುವುದನ್ನು ಕಣ್ತುಂಬ ನೋಡಿದಳು. ಆಮೇಲೆ ಕಿಟಕಿ ತೆರೆದು, ಎಂದೂ ಕಂಡಿಲ್ಲದವನನ್ನು ಕೇಳುವಂತೆ ಕೇಳಿದಳು:

"ಯಾರಪ್ಪಾ ನೀನು? ಯಾರು ಬೇಕಾಗಿತ್ತು?"