ಹಲ್ಲು ಕಾಣಬೇಕು

“ಏನಮ್ಮಾ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದೀಯಾ? ಹಲ್ಲು ಕಾಣ್ಬೇಕು, ಹಲ್ಲು! ಇಂಥ ಮೋರೆ ನೋಡಿದ್ರೆ ಗಿರಾಕಿ ಬಾಗಿಲಿಂದಾನೇ ಓಡ್ತಾನೆ.”

ಮೋರೆ ಸಿಡುಕಿಯದು. ಬೈದವರು ನಗುಮೇಷ್ಟ್ರು. ಎರಡೂ ನಾವಿಟ್ಟ ಹೆಸರುಗಳು. ಡಿಗ್ರಿ ಮುಗಿಸಿ ಕೆಲಸಕ್ಕೆ ಬಂದವರಿಗೆ ನಯವಿನಯ ಕಲಿಸಲು ಕಂಪನಿ ಅವರನ್ನು ಇಟ್ಟುಕೊಂಡಿತ್ತು. ಕಾಲೇಜು ನಮಗೆ ಏನೂ ಕಲಿಸಿಲ್ಲ ಎಂಬುದು ಅವರ ಮೊದಲ ಪಾಠ. ಅದನ್ನು ನಾವು ಬೇಗ ಕಲಿತೆವು. ಇವತ್ತು ಕೊನೆಯ ಪರೀಕ್ಷೆ. ಗಿರಾಕಿ ಎಷ್ಟೇ ಬೈದರೂ ನಗು ಬಿಡಬಾರದು. ಬಿಟ್ಟವರಿಗೆ ಕೆಲಸವಿಲ್ಲ.

ಗಿರಾಕಿಯಾಗಿ ಬೈಯಲು ಒಬ್ಬರು ಬೇಕಾಯಿತು. ಬಾಗಿಲ ಬಳಿ ನೆಲ ಒರೆಸುತ್ತಿದ್ದವಳನ್ನು ಮೇಷ್ಟ್ರು ಕರೆದರು. “ಏಯ್, ಅದನ್ನ ಬಿಟ್ಟು ಬಾ ಇಲ್ಲಿ. ಇವಳಿಗೆ ಬೈ.”

ಅವಳು ಸಿಡುಕಿಯ ತಾಯಿ. ನಮಗೆಲ್ಲ ಗೊತ್ತಿತ್ತು, ಮೇಷ್ಟ್ರಿಗೆ ಗೊತ್ತಿರಲಿಲ್ಲ. “ಕಸದೋಳ ಮಗಳು ಅಂದ್ರೆ ಕುರ್ಚಿ ಕೊಡಲ್ಲ ಕಣೇ. ಕೆಲಸ ಸಿಗೋವರೆಗೂ ನಾನ್ಯಾರೋ ನೀನ್ಯಾರೋ,” ಎಂದು ತಾಯಿಯೇ ಮಗಳಿಂದ ಮಾತು ತೆಗೆದುಕೊಂಡಿದ್ದಳು.

“ನಂಗೆ ಬರಲ್ಲ ಸಾರ್.”

“ಬೈಯೋಕೂ ಟ್ರೇನಿಂಗ್ ಬೇಕಾ? ದಿನಾ ಕೇಳಿಸ್ಕೊಳಲ್ವಾ, ಅದನ್ನೇ ಅನ್ನು.”

ನಾವು ನಕ್ಕೆವು. ಅಷ್ಟು ಹೊತ್ತಿಗೆ ನಗು ಅಭ್ಯಾಸವಾಗಿತ್ತು.

ತಾಯಿ ಒದ್ದೆ ಕೈ ಒರೆಸಿಕೊಂಡು ಮಗಳ ಎದುರು ನಿಂತಳು. ನೆಲ ನೋಡುತ್ತಲೇ ಶುರು ಮಾಡಿದಳು. “ಏನೇ, ದರಿದ್ರ ಮುಂಡೆ. ಮೂಲೇಲಿ ಧೂಳು ಹಾಗೇ ಇದೆ, ಕಣ್ಣು ಇಂಗೋಗಿದೆಯಾ? ಜ್ವರ ಬಂದ್ರೆ ಮನೇಲಿ ಸಾಯಿ, ಇಲ್ಲಿ ಬಂದು ಕೆಮ್ಮಬೇಡ. ಲಿಫ್ಟಿಂದ ಇಳಿಯೇ, ನಿನ್ನ ಮೈ ನಾತಕ್ಕೆ ವಾಂತಿ ಬರುತ್ತೆ.”

ಅದರಲ್ಲಿ ಒಂದು ಮಾತೂ ಅವಳದಾಗಿರಲಿಲ್ಲ.

ಸಿಡುಕಿ ನಗುತ್ತಲೇ ಇದ್ದಳು. ಕಣ್ಣೀರು ತುಟಿಗೆ ಬಂತು, ತುಟಿ ಅಲುಗಲಿಲ್ಲ.

“ಭೇಷ್! ನೋಡ್ರಪ್ಪಾ, ಇದು ನಗು ಅಂದ್ರೆ. ಪಾಸು!” ಮೇಷ್ಟ್ರು ಚಪ್ಪಾಳೆ ತಟ್ಟಿದರು. ತಾಯಿಯ ಕಡೆ ತಿರುಗಿ, “ಸಾಕು, ಹೋಗು. ನೀನು ನಿಂತ ಜಾಗಕ್ಕೆ ಒಂಚೂರು ಫಿನಾಯಿಲ್ ಹಾಕು,” ಎಂದರು.

ಅವಳು ಹೋಗಲಿಲ್ಲ.

“ಪಾಸಾದ್ಲಾ ಸಾರ್? ಖಂಡಿತಾನಾ?”

“ಆಯ್ತು ಅಂದ್ನಲ್ಲ.”

“ಹಂಗಾದ್ರೆ ಈಗ ನಿಮ್ ಪರೀಕ್ಷೆ. ಲಿಫ್ಟಿನ ಮಾತು ಬೆಳಿಗ್ಗೆ ನೀವೇ ಅಂದಿದ್ದು. ವಾಪಸ್ ಕೊಡ್ತೀನಿ, ಇಸ್ಕೊಳ್ಳಿ. ಇಳಿಯೋ ಲಿಫ್ಟಿಂದ, ನಾತದ ನನ್ಮಗನೇ! ನಗಿ ಸಾರ್. ಹಲ್ಲು ಕಾಣ್ಬೇಕು.”

ಮೇಷ್ಟ್ರ ಮುಖ ಕಪ್ಪಿಟ್ಟಿತು. “ಯಾವಳೇ ಇವಳು? ಯಾರ ಕಡೆಯೋಳು?”

ಸಿಡುಕಿ ನಗು ಬಿಟ್ಟಳು.

“ನಮ್ಮಮ್ಮ,” ಎಂದಳು.

ಬಕೆಟ್ಟು ಎತ್ತಿಕೊಂಡು ತಾಯಿಯ ತೋಳು ಹಿಡಿದು ನಡೆದಳು. ಬಾಗಿಲು ಮುಚ್ಚಿತು. ನಾವು ಸಾಲಾಗಿ ನಿಂತೇ ಇದ್ದೆವು. ನಮ್ಮ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ; ಎಲ್ಲರ ಹಲ್ಲೂ ಕಾಣುತ್ತಿತ್ತು.