ಎದೆಗೆ ಕಟ್ಟಿದ ಯಂತ್ರ

ಮೊರಬದ ಈರಬಸಪ್ಪನಿಗೆ ಬಿಪಿ ಹಳೆಯ ನಂಟ. ಈಚೆಗೆ ಕೂತಲ್ಲೇ ಎದೆ ಡವಡವ ಎನ್ನತೊಡಗಿದ್ದರಿಂದ ಹೆಂಡತಿ ನೀಲಕ್ಕ ಅವನನ್ನು ನವಲಗುಂದದ ಡಾಕ್ಟರ್ ರಾಜೇಶ್ವರಿಯವರ ಹತ್ತಿರ ಎಳೆದೊಯ್ದಳು. ಡಾಕ್ಟರು ಎದೆಗೆ ಬಿಲ್ಲೆಗಳನ್ನು ಅಂಟಿಸಿ, ವೈರು ಸಿಕ್ಕಿಸಿ, ಸೊಂಟಕ್ಕೊಂದು ಪುಟ್ಟ ಯಂತ್ರ ಕಟ್ಟಿದರು.

"ನಾಳೆ ಮುಂಜಾನಿತನಕಾ ಇರ್ಲಿ. ಎದಿಬಡಿತ ಎಲ್ಲಾ ಇದರಾಗ ಬರತೈತಿ."

ಬಸ್ಸಿನಲ್ಲಿ ನೀಲಕ್ಕ ತನ್ನದೊಂದು ಒಗ್ಗರಣೆ ಹಾಕಿದಳು: "ಮಿರ್ಚಿ ತಿಂದ್ರ ಅದೂ ಬರತೈತಂತ!"

ಈರಬಸಪ್ಪ ನಂಬಿಬಿಟ್ಟ. ಆದರೆ ಸಂಜೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಮಿರ್ಚಿ ಬಜ್ಜಿಯ ವಾಸನೆ ತೇಲಿ ಬಂದಾಗ ತಡೆಯಲಾಗಲಿಲ್ಲ. ನೆಟ್ಟಗೆ ಗೆಳೆಯ ಸಣ್ಣಪ್ಪನ ಹಿತ್ತಿಲಿಗೆ ಹೋದ. ಸಣ್ಣಪ್ಪನಿಗೂ ಬಿಪಿ ಇತ್ತು. ಗುಳಿಗೆ ನುಂಗುತ್ತಿದ್ದುದು ತಲೆನೋವು ಬಂದಾಗ ಮಾತ್ರ.

"ಲೇ ಸಣ್ಯಾ, ಮುಂಜಾನಿತನಕಾ ಇದನ್ನ ನೀ ಹಾಕ್ಕೋ. ಸಪ್ಪಂದು ಉಣ್ಣು ಮತ್ತ."

"ಮಿರ್ಚಿ ನಿನಗ, ಸಪ್ಪಂದು ನನಗೇನು?"

"ನಾಳೆ ನಾಷ್ಟಾ ನಂದು, ಮಾರಾಯಾ."

ಯಾವ ಬಿಲ್ಲೆ ಎಲ್ಲಿತ್ತೆಂದು ಈರಬಸಪ್ಪ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದ. ಕೀಳುವಾಗ ಎದೆಯ ಕೂದಲೂ ಬಂದವು. ಕೂಗದೆ ತಡೆದುಕೊಂಡು ಅವನ್ನು ಸಣ್ಣಪ್ಪನ ಎದೆಗೆ ಅಂಟಿಸಿದ; ಬೆಳಗಾಗುತ್ತಲೇ ವಾಪಸ್ ತನ್ನ ಎದೆಗೆ ಅಂಟಿಸಿಕೊಂಡ.

ಮರುದಿನ ಕಂಪ್ಯೂಟರ್ ನೋಡುತ್ತಿದ್ದ ಡಾಕ್ಟರ ಮುಖ ಗಂಭೀರವಾಯಿತು.

"ಬಡಿತ ಅಗದಿ ತಾಳ ತಪ್ಪೇತ್ರಿ. ಬಿಪಿ ಬಹಳ ವರ್ಷ ಏರೇ ಇದ್ರ ಹಿಂಗಾಗತೈತಿ. ಎದಿಯಾಗ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದ್ರ ಲಕ್ವಾ ಹೊಡೀತೈತಿ. ರಕ್ತ ತೆಳು ಮಾಡೋ ಗುಳಿಗಿ ಇವತ್ತ ಚಾಲೂ ಮಾಡ್ಬೇಕು."

ನೀಲಕ್ಕ ಸೆರಗನ್ನು ಬಾಯಿಗೊತ್ತಿಕೊಂಡಳು. ಈರಬಸಪ್ಪ ಮಾತ್ರ ಮೀಸೆಯಡಿಯಲ್ಲೇ ನಕ್ಕ. ತನ್ನದಲ್ಲವಲ್ಲ! ಮರುಕ್ಷಣ, ಆ ಎದೆ ಯಾರದೆಂದು ನೆನಪಾಗಿ ಧಡಕ್ಕನೆ ಎದ್ದು ನಿಂತ.

"ಡಾಕ್ಟರ್ರ... ಆ ಎದಿ ನಂದಲ್ರಿ."

"ಮತ್ತ ಯಾರದ್ರಿ?"

"ನಮ್ಮ ಸಣ್ಣಪ್ಪಂದು. ಒಂದಿನದ ಮಟ್ಟಿಗೆ ಕಡ ತಗೊಂಡಿದ್ದೆ."

ನೀಲಕ್ಕನ ಕೈ ಅವನ ಬೆನ್ನಿಗೆ ಬಿತ್ತು. ಡಾಕ್ಟರು ಬೈದರು, ಬೈಯುತ್ತಲೇ ನಗು ತಡೆಯಲಾಗದೆ ಮುಖ ತಿರುಗಿಸಿದರು. ಈರಬಸಪ್ಪ ಫೋನು ಹಚ್ಚಿ, "ಹೊಲ ಬಿಡು, ಹಂಗ ಬಾ" ಎಂದು ಗದರಿದ. ಓಡಿಬಂದ ಸಣ್ಣಪ್ಪನ ಇಸಿಜಿಯಲ್ಲೂ ಅದೇ ಕಂಡಿತು. ಅಂದೇ ಗುಳಿಗೆ ಶುರುವಾಯಿತು.

ಈರಬಸಪ್ಪನಿಗೆ ಮತ್ತೆ ಯಂತ್ರ ಕಟ್ಟಿದರು. ಈ ಸಲ ನೀಲಕ್ಕ ಬಾಜೂನಲ್ಲೇ ಕಾವಲು ಕೂತಳು. ಅವನ ಬಡಿತ ಸರಿಯಾಗಿಯೇ ಇತ್ತು. ಬಿಪಿಯ ಗುಳಿಗೆಯನ್ನಷ್ಟೇ ಡಾಕ್ಟರು ಬದಲಿಸಿದರು.

ಊರವರೆಲ್ಲ ಸಣ್ಣಪ್ಪನನ್ನು ಮಾತಾಡಿಸಲು ಬರತೊಡಗಿದರು. ಅವನ ಮನೆಯ ಕಟ್ಟೆಯ ಮೇಲೆ ಈರಬಸಪ್ಪ ಮುಖ ಊದಿಸಿಕೊಂಡು ಕೂತ.

"ದವಾಖಾನಿಗೆ ತಿರುಗಿದಾಂವ ನಾನು. ಬಾಳೆಹಣ್ಣು ಬರೋದು ಇವಗ."

"ಒಂದು ತಿನ್ನಲೇ," ಎಂದು ಸಣ್ಣಪ್ಪ ಹಣ್ಣು ಸುಲಿದು ಅವನ ಬಾಯಿಗಿಟ್ಟ.