ಹಗ್ಗದ ಸರದಿ

ಹೊದಿಕೆಯ ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಅವಳು ಹಿಂಡುತ್ತಿದ್ದಳು. ನೀರು ಇನ್ನೂ ಪೂರ್ತಿ ಇಳಿದಿರಲಿಲ್ಲ, ಯಾರೋ ದಬದಬ ಬಾಗಿಲು ಬಡಿದರು. ಕೆಳಮನೆಯ ಡ್ರೈವರ್.

"ಅಧ್ಯಕ್ಷರೇ, ನರ್ಸಮ್ಮ ನನ್ನ ಸರದೀಲಿ ಹಗ್ಗದ ಮೇಲೆ ಕಾಲುಚೀಲ ಹಾಕಿದಾರೆ. ಒಂದಲ್ಲ, ಎರಡು!"

"ಇರೋದೇ ಎರಡು ಕಾಲು ಅಲ್ವೇನಪ್ಪ," ಎಂದಳು, ನಗಿಸಲೆಂದು.

ಅವನು ನಗಲಿಲ್ಲ. "ನೀವೇ ಬಂದು ತೀರ್ಮಾನ ಹೇಳಿ. ಏಳರಿಂದ ಒಂಬತ್ತು ನಂದು ಅಂತ ಚೀಟೀಲಿದೆ."

ಆರು ಮನೆಗೆ ತಾರಸಿಯ ಮೇಲೆ ಇದ್ದದ್ದು ನಾಲ್ಕೇ ಹಗ್ಗ. ಆದರೂ ಇಷ್ಟು ವರ್ಷ ಯಾರ ಬಟ್ಟೆಯೂ ಬಕೆಟ್ಟಿನಲ್ಲಿ ಮುಗ್ಗಿರಲಿಲ್ಲ. ಮೇಲೆ ಹೋದವರು ಒಣಗಿದ್ದನ್ನು, ಅದು ಯಾರದ್ದೇ ಆಗಿರಲಿ, ತೆಗೆದು ಮಡಚಿ ಮೋಟುಗೋಡೆಯ ಮೇಲಿಟ್ಟು ತಮ್ಮದನ್ನು ಹರವುತ್ತಿದ್ದರು. ಹೀಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹೋದ ತಿಂಗಳು ಡ್ರೈವರನ ಹೊಸ ಪ್ಯಾಂಟು ಕಾಣೆಯಾಗಿ ರಂಪವಾದಾಗ ಮನೆ ಮಾಲೀಕರು, "ಹೇಳೋರು ಕೇಳೋರು ಅಂತ ಒಬ್ರು ಬೇಕಪ್ಪಾ" ಎಂದರು. ಎಲ್ಲರೂ ಅವಳತ್ತ ತಿರುಗಿದರು. "ಅಕ್ಕನೇ ಆಗ್ಲಿ. ಅಕ್ಕನ ಮಾತು ಯಾರು ತೆಗೆದುಹಾಕ್ತಾರೆ?"

ಅವಳಿಗೂ ಒಳಗೊಳಗೇ ಹಿಗ್ಗು. ಅಡಿಕೋಲಿಟ್ಟು ಗೆರೆ ಎಳೆದು, ಒಂದೊಂದು ಹಗ್ಗಕ್ಕೂ ಮನೆಮನೆಯ ಸಮಯ ಬರೆದು, ತಾರಸಿಯ ಬಾಗಿಲಿಗೆ ಚೀಟಿ ಅಂಟಿಸಿದಳು. ಪ್ಯಾಂಟು ಮರುದಿನ ಅವನದೇ ಮಂಚದ ಕೆಳಗೆ ಸಿಕ್ಕಿತು. ಅಧ್ಯಕ್ಷಗಿರಿ ಮಾತ್ರ ಇವಳ ಕೊರಳಿಗೆ ಬಿತ್ತು.

ಗಂಡ ಹಡಗಿನ ಕೆಲಸದವನು, ವರ್ಷಕ್ಕೊಮ್ಮೆ ಬರುವವನು. ಮಾತಿಗೆ ಅಂತ ಅವಳಿಗಿದ್ದದ್ದು ಈ ಐದು ಮನೆಗಳೇ. ಈಗ ಮೆಟ್ಟಿಲ ಮೇಲಿನ ಹರಟೆ ಅವಳ ಚಪ್ಪಲಿ ಸದ್ದಿಗೇ ನಿಂತುಹೋಗುತ್ತಿತ್ತು. ದೂರು ಹೊತ್ತವರಷ್ಟೇ ಬಾಗಿಲು ತಟ್ಟುತ್ತಿದ್ದರು. ಅಕ್ಕಾ ಎಂದು ಯಾರಾದರೂ ಕರೆದು ಮೂರು ವಾರವಾಗಿತ್ತು.

ಡ್ರೈವರನ ಹಿಂದೆ ಅವಳು, ಅವಳ ಹಿಂದೆ ಒದ್ದೆ ಹೊದಿಕೆ ಅಪ್ಪಿಕೊಂಡ ಮಗಳು, ಮೂವರೂ ಮೇಲೆ ಹತ್ತಿದರು. ತಾರಸಿಯ ತುಂಬ ಎಳೆಬಿಸಿಲು. ಒಂದು ಹಗ್ಗದ ಮೇಲೆ ಎರಡು ಕಾಲುಚೀಲ, ಉಳಿದ ಮೂರೂ ಬೋಳು. ದರ್ಜಿಯ ಹೆಂಡತಿ ಕೂಸನ್ನು ಸೊಂಟದಲ್ಲಿಟ್ಟುಕೊಂಡು, ಮಗುವಿನ ಬಟ್ಟೆ ತುಂಬಿದ ಬಕೆಟ್ಟಿನ ಪಕ್ಕ ಸುಮ್ಮನೆ ಕುಳಿತಿದ್ದಳು.

"ಯಾಕೇ ಕೂತಿದೀಯ? ಹಗ್ಗ ಖಾಲಿ ಇದೆಯಲ್ಲ, ಹಾಕು."

"ಈ ಹಗ್ಗ ಈಗ ಮೇಷ್ಟ್ರ ಸರದಿ. ನಂದು ಹನ್ನೊಂದಕ್ಕೆ."

"ಮೇಷ್ಟ್ರು ಊರಲ್ಲೇ ಇಲ್ವಲ್ಲೇ!"

"ಅವರಿಲ್ಲ. ಸರದಿ ಇದೆಯಲ್ಲ, ಅಧ್ಯಕ್ಷರೇ."

"ನಾನೇ ಹೇಳ್ತಿದೀನಿ, ಹಾಕೇ."

ದರ್ಜಿಯ ಹೆಂಡತಿ ತಟ್ಟನೆ ಎದ್ದು ನಿಂತಳು. ಎದುರಾಡಲಿಲ್ಲ, 'ಹೋಗಕ್ಕಾ, ದೊಡ್ಡ ಬಂದ್ಬಿಟ್ಲು ಹೇಳೋಕೆ' ಎಂದು ಮೊದಲಿನಂತೆ ಛೇಡಿಸಲೂ ಇಲ್ಲ. ಅಧ್ಯಕ್ಷೆಯೇ ಬಗ್ಗಿ ಬಕೆಟ್ಟಿನಿಂದ ಒಂದು ಪುಟ್ಟ ಅಂಗಿ ಎತ್ತಿಕೊಂಡಳು.

"ಅಯ್ಯೋ ಬೇಡ, ನಿಮಗ್ಯಾಕೆ ಇದೆಲ್ಲ," ಎನ್ನುತ್ತಾ ದರ್ಜಿಯ ಹೆಂಡತಿ ಅದನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡಳು.

"ಅದಿರ್ಲಿ, ಆ ಕಾಲುಚೀಲದ ವಿಷ್ಯ ಏನಾಯ್ತು?" ಎಂದ ಡ್ರೈವರ್.

ಒದ್ದೆ ಕೈಯನ್ನು ಎಲ್ಲಿಡಬೇಕೆಂದು ತೋಚದೆ ಅವಳು ನಿಂತಿದ್ದಳು. ದೊಡ್ಡವರ ಮಾತಿಗೆ ಬಾಯಿ ಹಾಕಬೇಡ ಎಂದು ಅಮ್ಮನಿಂದ ಬೈಸಿಕೊಂಡು ಇಷ್ಟು ದಿನ ತುಟಿ ಕಚ್ಚಿಕೊಂಡಿದ್ದ ಮಗಳು, ಬಾಗಿಲ ಮೇಲಿನ ಚೀಟಿಯನ್ನು ಕೊನೆಯ ಸಾಲಿನವರೆಗೂ ಓದಿ ಮುಗಿಸಿ ತಿರುಗಿದಳು.

"ಅಮ್ಮಾ, ನೀನು ಅಧ್ಯಕ್ಷರಾಗೋ ಮುಂಚೆ ಬಟ್ಟೆ ಒಣಗ್ತಿರ್ಲಿಲ್ವಾ?"